ಸಮುದ್ರದ ತಳದಲ್ಲಿ ಹಾಲಿ ನೋಟುಗಳು: ‘ಈಜಿಪ್ಟ್’ ನಾವೆಯ ಕಥೆ

ಹುಮನಾಬಾದಿನ ಬಳಿಯ ನಿರ್ಣಾ ಗ್ರಾಮಕ್ಕೂ ಸಮುದ್ರಕ್ಕೂ ಯಾವ ಸಂಬಂಧವೂ ಇದ್ದಂತೆ ತೋರುವುದಿಲ್ಲ. ಅಲ್ಲಿಂದ ಪಶ್ಚಿಮಕ್ಕೆ ನೇರವಾಗಿ ಗೆರೆ ಎಳೆದರೂ ಸುಮಾರು 400 ಕಿಲೋಮೀಟರು ನಡೆದ ಮೇಲಷ್ಟೇ ಅರಬ್ಬೀ ಸಮುದ್ರದ ದಂಡೆ ಕಂಡೀತು. ಕೆಂಪು ಮಣ್ಣು, ಜಂಬಿಟ್ಟಿಗೆಯ ಕಲ್ಲು, ತೊಗರಿ ಜೋಳಗಳ ಹೊಲ, ಆಳವಾದ ಬಾವಿ, ಇವು ಆ ಸೀಮೆಯ ಜನಕ್ಕೆ ಗೊತ್ತು. ಹಡಗನ್ನು ಕಣ್ಣಾರೆ ಕಂಡ ಹಿರಿಯರು ಬೆರಳೆಣಿಕೆಯವರು. ಹೀಗಿದ್ದರೂ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹತ್ತು ವರ್ಷ ಬಿದ್ದಿದ್ದ ಒಂದು ನಾವೆಯ ಕಥೆ ನಿರ್ಣಾದ ನಮ್ಮ ಮನೆಯ ಹಳೆಯ ಸಂದೂಕದಿಂದಲೇ ಆರಂಭವಾಗುತ್ತದೆಯೆಂದರೆ ವಾಚಕರು ಆಶ್ಚರ್ಯಪಡಬಾರದು.

ಆ ಸಂದೂಕದ ತಳದಲ್ಲಿ, ಹೊಲದ ಕಾಗದಪತ್ರಗಳ ನಡುವೆ, ಮಡಿಕೆ ಬಿದ್ದು ಮಾಸಿದ ಹತ್ತು ರೂಪಾಯಿಯ ನೋಟೊಂದಿದೆ. ನಮ್ಮ ಹಿರಿಯರು ಅದನ್ನು ‘ಹಾಲಿ’ ನೋಟೆಂದು ಕರೆಯುತ್ತಿದ್ದರು. ಬೀದರ ಸೀಮೆಯೆಲ್ಲ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದಾಗ ಆ ಸಂಸ್ಥಾನಕ್ಕೆ ತನ್ನದೇ ಆದ ಹಣವಿತ್ತು. ಅದರ 7 ರೂಪಾಯಿಗೆ ಬ್ರಿಟಿಷ್ ಸರ್ಕಾರದ 6 ರೂಪಾಯಿ ಎಂಬುದು ಸ್ಥೂಲವಾದ ಲೆಕ್ಕ. 1918ರವರೆಗೆ ಈ ಹಣವೆಲ್ಲ ನಾಣ್ಯದ ರೂಪದಲ್ಲಿತ್ತು. ಆ ವರ್ಷ ಸಂಸ್ಥಾನವು ಕಾಗದದ ನೋಟುಗಳನ್ನು ಹೊರಡಿಸಲು ತೊಡಗಿತು. ನೋಟಿನ ಮುಖ್ಯ ಬರಹ ಉರ್ದುವಿನಲ್ಲಿ. ಆದರೆ ಅದರ ಬೆಲೆಯನ್ನು ಪ್ರಜೆಗಳೆಲ್ಲರೂ ಓದಿಕೊಳ್ಳಲೆಂದು ತೆಲುಗು, ಮರಾಠಿ, ಕನ್ನಡ, ಇಂಗ್ಲಿಷ್ ಭಾಷೆಗಳಲ್ಲಿಯೂ ಅಚ್ಚು ಹಾಕಿದ್ದರು. ಅಚ್ಚು ಹಾಕುತ್ತಿದ್ದದ್ದು ಲಂಡನ್ನಿನ ವಾಟರ್‌ಲೋ ಎಂಬ ಮುದ್ರಣಾಲಯದಲ್ಲಿ. ಎಂದಮೇಲೆ, ಹಾಲಿ ನೋಟು ಹುಮನಾಬಾದಿನ ಪೇಟೆಗೆ ಬರಬೇಕಾದರೆ ಅದು ಮೊದಲು ಸಮುದ್ರಯಾನ ಮಾಡಲೇಬೇಕಾಗಿತ್ತು.

ಹೀಗೆ ಹೊರಟ ನೋಟುಗಳ ಒಂದು ಕಂತು ದಡ ಮುಟ್ಟಲಿಲ್ಲ. 1922ರ ಮೇ ತಿಂಗಳಲ್ಲಿ ಆ ನೋಟುಗಳು, ಅವುಗಳೊಡನೆ ಹತ್ತು ಲಕ್ಷ ಪೌಂಡಿಗೂ ಮೀರಿದ ಬೆಲೆಯ ಚಿನ್ನ ಬೆಳ್ಳಿ, ಇವೆಲ್ಲಕ್ಕಿಂತ ಹೆಚ್ಚಿನದಾಗಿ 80ಕ್ಕೂ ಮೇಲ್ಪಟ್ಟು ಮನುಷ್ಯರು ‘ಈಜಿಪ್ಟ್’ ಎಂಬ ನಾವೆಯೊಂದಿಗೆ ನೀರು ಪಾಲಾದರು. ಚಿನ್ನವನ್ನು ಹುಡುಕಿ ಎತ್ತಿದ ಸಾಹಸವನ್ನು ಕುರಿತು ಪುಸ್ತಕಗಳೇ ಬಂದಿವೆ. ನೋಟುಗಳ ವಿಷಯ ನಾಣ್ಯಸಂಗ್ರಾಹಕರ ಹೊರತು ಹೆಚ್ಚು ಜನಕ್ಕೆ ತಿಳಿಯದು. ಮುಳುಗಿದ ನಾವಿಕರ ವಿಷಯವಂತೂ ಇನ್ನೂ ಕಡಿಮೆ.

ಈಜಿಪ್ಟ್ ನಾವೆಯನ್ನು ಕಟ್ಟಿದ್ದು ಸ್ಕಾಟ್ಲೆಂಡಿನ ಗ್ರೀನಕ್ ಪಟ್ಟಣದಲ್ಲಿ, ಕೇರ್ಡ್ ಕಂಪನಿಯ ಕಾರ್ಖಾನೆಯಲ್ಲಿ. 1897ರಲ್ಲಿ ಅದು ನೀರಿಗಿಳಿಯಿತು. ಒಡೆಯರು ಪೆನಿನ್ಸುಲರ್ ಅಂಡ್ ಓರಿಯೆಂಟಲ್ ಕಂಪನಿಯವರು; ಜನರ ಬಾಯಲ್ಲಿ ‘ಪಿ ಅಂಡ್ ಓ’. ಉದ್ದ ಸುಮಾರು 500 ಅಡಿ, ಅಗಲ 54 ಅಡಿ. ಮೂರು ಹಂತಗಳಲ್ಲಿ ಉಗಿಯನ್ನು ಹಿಗ್ಗಿಸಿ ದುಡಿಸಿಕೊಳ್ಳುವ ಎಂಜಿನು. ವೇಗ ಗಂಟೆಗೆ 18 ನಾಟು, ಎಂದರೆ ಸುಮಾರು 33 ಕಿಲೋಮೀಟರು. ನಾವೆಯ ಗಾತ್ರ 7,912 ಟನ್ನೆಂದು ದಾಖಲೆಗಳು ಹೇಳುತ್ತವೆ. ಇಲ್ಲಿ ಒಂದು ಮಾತು: ಇದು ತೂಕವೆಂದು ಅನೇಕರು ಭ್ರಮಿಸುವುದುಂಟು. ಹಡಗಿನ ಒಳಗಿನ ಅವಕಾಶವನ್ನು ಅಳೆದು, 100 ಘನ ಅಡಿಗೆ ಒಂದು ಟನ್ನಿನಂತೆ ಲೆಕ್ಕ ಹಾಕಿದ ಪರಿಮಾಣವಿದು; ತಕ್ಕಡಿಗೂ ಇದಕ್ಕೂ ಸಂಬಂಧವಿಲ್ಲ.

ಒಂದೇ ಮಾದರಿಯ ಐದು ನಾವೆಗಳನ್ನು ಆ ಕಂಪನಿ ಕಟ್ಟಿಸಿತ್ತು: ಇಂಡಿಯಾ, ಚೈನಾ, ಈಜಿಪ್ಟ್, ಅರೇಬಿಯಾ, ಪರ್ಷಿಯಾ. ಮೊದಲನೆಯ ಮಹಾಯುದ್ಧ ಇವುಗಳಲ್ಲಿ ಮೂರನ್ನು ನುಂಗಿತು. 1915ರಲ್ಲಿ ಇಂಡಿಯಾ, ಅದೇ ವರ್ಷದ ಡಿಸೆಂಬರ್ 30ರಂದು ಪರ್ಷಿಯಾ, 1916ರಲ್ಲಿ ಅರೇಬಿಯಾ ಜರ್ಮನ್ ಜಲಾಂತರ್ಗಾಮಿಗಳ ಬಾಣಗಳಿಗೆ ಗುರಿಯಾದುವು. ಈಜಿಪ್ಟ್ ಆಸ್ಪತ್ರೆಯ ಹಡಗಾಗಿ ದುಡಿದು ಯುದ್ಧದಿಂದ ಉಳಿದು ಬಂತು. ಶಾಂತಿ ಬಂದ ಬಳಿಕ ಮತ್ತೆ ಲಂಡನ್ನಿಗೂ ಮುಂಬಯಿಗೂ ನಡುವೆ ಪ್ರಯಾಣ ಬೆಳೆಸಿತು. ಯುದ್ಧದಲ್ಲಿ ಸಾಯದ ಹಡಗು ಶಾಂತಿಯಲ್ಲಿ ಸತ್ತಿತು.

1922ರ ಮೇ 19ರಂದು ನಾವೆ ಲಂಡನ್ನಿನ ಟಿಲ್‌ಬರಿ ಬಂದರನ್ನು ಬಿಟ್ಟಿತು. ಪ್ರಯಾಣಿಕರು 44 ಮಂದಿ ಮಾತ್ರ. ಆ ಕಾಲದಲ್ಲಿ ಹಣವುಳ್ಳವರು ಬಿಸ್ಕೆ ಕೊಲ್ಲಿಯ ಅಲೆಗಳ ತೊಂದರೆಯನ್ನು ತಪ್ಪಿಸಿಕೊಳ್ಳಲು ರೈಲಿನಲ್ಲಿ ಫ್ರಾನ್ಸನ್ನು ದಾಟಿ ಮಾರ್ಸೇಲ್ಸ್ ಬಂದರಿನಲ್ಲಿ ಹಡಗನ್ನು ಹತ್ತುವ ರೂಢಿಯಿತ್ತು. ನಾವಿಕರು, ಸೇವಕರು, ಬೆಂಕಿ ಉರಿಸುವವರು ಸೇರಿ 294 ಮಂದಿ. ಇವರಲ್ಲಿ ಬಹುಪಾಲು ಭಾರತೀಯರು. ಇಂಗ್ಲಿಷರು ಇವರನ್ನು ‘ಲಸ್ಕರ್’ ಎನ್ನುತ್ತಿದ್ದರು. ದಂಡು ಎಂಬರ್ಥದ ನಮ್ಮ ‘ಲಷ್ಕರ’ ಪದವೇ ಇದು. ಪಿ ಅಂಡ್ ಓ ಹಡಗುಗಳ ಡೆಕ್ಕಿನ ಕೆಲಸಕ್ಕೆ ಪಶ್ಚಿಮ ಕರಾವಳಿಯ ನಾವಿಕರು, ಒಲೆಯ ಕೆಲಸಕ್ಕೆ ಪಂಜಾಬಿನ ಕಡೆಯವರು, ಊಟ ಬಡಿಸಲು ಗೋವೆಯವರು, ಇದು ವಾಡಿಕೆಯಾಗಿತ್ತು. ಕೆಲಸಕ್ಕೆ ಹೋಲಿಸಿದರೆ ಇವರಿಗೆ ದೊರೆಯುತ್ತಿದ್ದ ಸಂಬಳ ಬಿಳಿಯ ನಾವಿಕನಿಗೆ ದೊರೆಯುತ್ತಿದ್ದುದಕ್ಕಿಂತ ಬಹಳ ಕಡಿಮೆ.

ಡೆಕ್ಕುಗಳ ಕೆಳಗೆ, ಇಕ್ಕಟ್ಟಾದ ಭದ್ರಕೋಣೆಯಲ್ಲಿ, 1,000ಕ್ಕೂ ಹೆಚ್ಚು ಚಿನ್ನದ ಗಟ್ಟಿಗಳು, 1,200ಕ್ಕೂ ಹೆಚ್ಚು ಬೆಳ್ಳಿಯ ಗಟ್ಟಿಗಳು, ನಮ್ಮ ಕಡೆ ಗಿನ್ನಿ ಎಂದು ಕರೆಯುವ ಸವರನ್ ನಾಣ್ಯಗಳು ಸುಮಾರು 1,65,000. ಎಲ್ಲವೂ ಮುಂಬಯಿಗೆ ಹೊರಟಿದ್ದ ಸರಕು. ಹಾಲಿ ನೋಟುಗಳ ಕಟ್ಟುಗಳೂ ಇದ್ದುವು.

ಮರುದಿನ, ಮೇ 20ರ ಸಂಜೆ, ನಾವೆ ಫ್ರಾನ್ಸಿನ ವಾಯವ್ಯ ಮೂಲೆಯ ಉಶಾಂತ್ ದ್ವೀಪದ ಆಚೆ ಇತ್ತು. ಸಮುದ್ರ ಶಾಂತ, ಆದರೆ ಸುತ್ತಲೂ ದಟ್ಟವಾದ ಮಂಜು. ಬೀದರ–ಹುಮನಾಬಾದ ರಸ್ತೆಯಲ್ಲಿ ಚಳಿಗಾಲದ ಬೆಳಗಿನಲ್ಲಿ ಕಾಣುವ ಮಂಜಿಗೂ ಇದಕ್ಕೂ ಹುಟ್ಟಿನಲ್ಲಿ ವ್ಯತ್ಯಾಸವಿದೆ. ನಮ್ಮ ಹೊಲಗಳ ಮೇಲಣ ಮಂಜು ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುವುದರಿಂದ ಹುಟ್ಟಿ, ಬಿಸಿಲೇರಿದಂತೆ ಕರಗುತ್ತದೆ. ವಸಂತಕಾಲದ ಸಮುದ್ರದ ಮಂಜು ಬೆಚ್ಚನೆಯ ತೇವದ ಗಾಳಿ ಇನ್ನೂ ತಣ್ಣಗಿರುವ ನೀರಿನ ಮೇಲೆ ಹರಿದಾಗ ಉಂಟಾಗುತ್ತದೆ. ಆ ಗಾಳಿ ಹರಿಯುತ್ತಿರುವವರೆಗೆ ಮಧ್ಯಾಹ್ನವಾದರೂ ಸಂಜೆಯಾದರೂ ಅದು ಕರಗಬೇಕೆಂದಿಲ್ಲ.

ಮಂಜಿನಲ್ಲಿ ಹಡಗುಗಳು ಸೀಟಿ ಊದುತ್ತ ಮೆಲ್ಲಗೆ ಸಾಗುವುದು ನಿಯಮ. ಈಜಿಪ್ಟ್ ವೇಗವನ್ನು ತಗ್ಗಿಸಿ, ಸೀಟಿ ಊದುತ್ತಿತ್ತು. ಎಡಗಡೆಯಿಂದ ಮತ್ತೊಂದು ಸೀಟಿ ಕೇಳಿಬಂತು. ಆದರೆ ಎಷ್ಟು ದೂರ? ಸರಿಯಾಗಿ ಯಾವ ದಿಕ್ಕು? ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಆದರೆ ಎಲ್ಲ ಗಾಳಿಯಲ್ಲಿಯೂ ಒಂದೇ ಸಮನಾಗಿ ಅಲ್ಲ. ತಣ್ಣನೆಯ ಗಾಳಿಯಲ್ಲಿ ನಿಧಾನ, ಬೆಚ್ಚನೆಯದರಲ್ಲಿ ತ್ವರಿತ. ಮಂಜಿನ ಸಮಯದಲ್ಲಿ ಸಮುದ್ರದ ಮೇಲೆ ತಣ್ಣನೆಯ ಪದರ, ಅದರ ಮೇಲೆ ಬೆಚ್ಚನೆಯ ಪದರ ಇರುವುದರಿಂದ ಶಬ್ದದ ಅಲೆಗಳು ನೇರವಾಗಿ ಹೋಗದೆ ಬಾಗುತ್ತವೆ. ಹತ್ತಿರದ ಸೀಟಿ ದೂರದ್ದೆಂದೂ, ದೂರದ್ದು ಹತ್ತಿರದ್ದೆಂದೂ ಕಿವಿ ಮೋಸಹೋಗುತ್ತದೆ. ಬಿಸಿಲುಗುದುರೆಯಲ್ಲಿ ಕಣ್ಣು ಮೋಸಹೋಗುವಂತೆಯೇ ಇದೂ.

ಸುಮಾರು ಏಳು ಗಂಟೆಯ ಹೊತ್ತಿಗೆ ಮಂಜಿನ ಗೋಡೆಯನ್ನು ಸೀಳಿಕೊಂಡು ‘ಸೇನ್’ ಎಂಬ ಫ್ರೆಂಚ್ ಸರಕುಹಡಗು ಎದುರಾಯಿತು. ತಿರುಗಿಸಲು ಅವಕಾಶವಿರಲಿಲ್ಲ. ಅದು ಈಜಿಪ್ಟಿನ ಎಡಪಕ್ಕಕ್ಕೆ, ಎರಡು ಹೊಗೆಕೊಳವೆಗಳ ನಡುವೆ, ಬಂದು ಬಡಿಯಿತು. ಸೇನ್ ಬಹು ಚಿಕ್ಕ ಹಡಗು. ಆದರೆ ಬಾಲ್ಟಿಕ್ ಸಮುದ್ರದ ಹಿಮವನ್ನು ಒಡೆದುಕೊಂಡು ಹೋಗಲೆಂದು ಅದರ ಮುಂದಿನ ಮೊನೆಯನ್ನು ವಿಶೇಷವಾಗಿ ಗಟ್ಟಿಗೊಳಿಸಿದ್ದರು. ಸಾಮಾನ್ಯ ಹಡಗಾಗಿದ್ದರೆ ಆ ಮೊನೆಯೇ ಮುರುಟಿ, ಡಿಕ್ಕಿಯ ಶಕ್ತಿಯ ಒಂದು ಭಾಗವನ್ನಾದರೂ ತಾನು ನುಂಗುತ್ತಿತ್ತು. ಇಲ್ಲಿ ಆದದ್ದು ಬೇರೆ. ಕೊಡಲಿಯು ಮರದೊಳಗೆ ಇಳಿದಂತೆ ಸೇನಿನ ಮೊನೆ ಈಜಿಪ್ಟಿನ ಒಡಲೊಳಗೆ ಇಳಿಯಿತು.

ಇನ್ನು ನೀರಿನ ಲೆಕ್ಕ. ನೀರಿನ ಮಟ್ಟಕ್ಕಿಂತ 5 ಮೀಟರು ಕೆಳಗೆ ಒಂದು ಚದರ ಮೀಟರಿನಷ್ಟು ರಂಧ್ರವಾಗಿದೆಯೆಂದು ಭಾವಿಸೋಣ. ಟಾರಿಚೆಲ್ಲಿಯ ನಿಯಮದಂತೆ ನೀರು ಸೆಕೆಂಡಿಗೆ ಸುಮಾರು 10 ಮೀಟರು ವೇಗದಿಂದ ಒಳನುಗ್ಗುತ್ತದೆ. ಅಂಚುಗಳಲ್ಲಿ ಧಾರೆ ಕುಗ್ಗುವುದನ್ನು ಬಿಟ್ಟರೂ ಸೆಕೆಂಡಿಗೆ 6 ಟನ್ ನೀರು ಒಳಗೆ ಬಂದಿತು. ನಿಮಿಷಕ್ಕೆ 360 ಟನ್. ಒಳಗಿನ ಮಟ್ಟ ಏರಿದಂತೆ ಈ ಹರಿವು ಕುಗ್ಗುತ್ತದೆ, ನಿಜ. ಆದರೆ ಹಡಗು ವಾಲಿದಂತೆ ಮೇಲಿನ ಕಿಟಕಿಗಳೂ ನೀರಿಗೆ ಸಿಕ್ಕಿ ಹೊಸ ದಾರಿಗಳಾಗುತ್ತವೆ. ಇದು ಒಂದು ಚದರ ಮೀಟರಿನ ಮಾತು. ಈಜಿಪ್ಟಿನ ಗಾಯ ಅದಕ್ಕಿಂತ ದೊಡ್ಡದು. ಡಿಕ್ಕಿಯಾದ ಇಪ್ಪತ್ತು ನಿಮಿಷದೊಳಗೆ ನಾವೆ ಕಣ್ಮರೆಯಾಯಿತು.

ಟೈಟಾನಿಕ್ ಮುಳುಗಿ ಆಗ ಹತ್ತು ವರ್ಷ ಕಳೆದಿದ್ದುವು. ಆ ನಾವೆಯಲ್ಲಿ ದೋಣಿಗಳು ಸಾಲದಾದುವೆಂಬುದು ಎಲ್ಲರಿಗೂ ಗೊತ್ತು. ಈಜಿಪ್ಟಿನಲ್ಲಿ ಹಾಗಲ್ಲ, ಇದ್ದ 338 ಮಂದಿಗೂ ಸಾಲುವಷ್ಟು ದೋಣಿಗಳಿದ್ದುವು. ಇಲ್ಲದೆ ಹೋದದ್ದು ಸಮಯ ಮತ್ತು ಅಭ್ಯಾಸ. ಹಡಗು ಎಡಕ್ಕೆ ವಾಲಿದುದರಿಂದ ಬಲಗಡೆಯ ದೋಣಿಗಳು ಹಡಗಿನ ಪಕ್ಕಕ್ಕೇ ಒತ್ತಿಕೊಂಡು ಕೆಳಗಿಳಿಯದಾದುವು. ಯಾರು ಯಾವ ದೋಣಿಗೆ ಎಂಬುದು ಅನೇಕರಿಗೆ ತಿಳಿಯದು. ನಿಸ್ತಂತು ಕೋಣೆಯ ಅಧಿಕಾರಿ ಮಾತ್ರ ತನ್ನ ಸ್ಥಾನವನ್ನು ಬಿಡದೆ ಸಹಾಯದ ಕರೆ ಕಳುಹಿಸುತ್ತ ಹಡಗಿನೊಡನೆಯೇ ಹೋದನು. ಸೇನ್ ಹಡಗು ಹಿಂದಿರುಗಿ, ನೀರಿನಲ್ಲಿ ತೇಲುತ್ತಿದ್ದವರನ್ನೂ ದೋಣಿಗಳಲ್ಲಿದ್ದವರನ್ನೂ ಹತ್ತಿಸಿಕೊಂಡು ಬ್ರೆಸ್ಟ್ ಬಂದರಿಗೆ ಮುಟ್ಟಿಸಿತು. ಸತ್ತವರು 86 ಮಂದಿ: ಪ್ರಯಾಣಿಕರು 15, ಹಡಗಿನ ಸಿಬ್ಬಂದಿ 71.

ಮುಂದಿನ ದಿನಗಳಲ್ಲಿ ಇಂಗ್ಲೆಂಡಿನ ಪತ್ರಿಕೆಗಳು ಲಸ್ಕರರ ಮೇಲೆ ಹರಿಹಾಯ್ದುವು. ಅವರು ಹೆದರಿ ದೋಣಿಗಳಿಗೆ ನುಗ್ಗಿದರು, ಅದರಿಂದಲೇ ಅನಾಹುತ ಹೆಚ್ಚಿತು ಎಂದು ಬರೆದರು. ಕತ್ತಲಾದ ಒಲೆಯ ಕೋಣೆಯಿಂದ ನೀರನ್ನು ತುಳಿದುಕೊಂಡು ಮೇಲೆ ಬಂದವರಲ್ಲಿ ಹೆದರಿಕೆ ಇದ್ದಿರಬಹುದು. ಇಲ್ಲದಿದ್ದರೆ ಅವರು ಮನುಷ್ಯರೇ ಅಲ್ಲ. ಆದರೆ ಹೆದರಿಕೆಗೆ ಮದ್ದು ಅಭ್ಯಾಸವೆಂಬುದನ್ನು ಯಾವ ದಂಡಿನ ಅಧಿಕಾರಿಯಾದರೂ ಬಲ್ಲನು, ಮತ್ತು ಅಭ್ಯಾಸ ಮಾಡಿಸುವ ಹೊಣೆ ನಾವಿಕನದಲ್ಲ. ಲಂಡನ್ನಿನಲ್ಲಿ ನಡೆದ ವಿಚಾರಣೆಯೂ ಇದೇ ತೀರ್ಮಾನಕ್ಕೆ ಬಂತು. ದೋಣಿಗಳ ಅಭ್ಯಾಸ ಮತ್ತು ಶಿಸ್ತಿನ ವಿಷಯದಲ್ಲಿ ಕ್ಯಾಪ್ಟನ್ ಕಾಲಿಯರನ ಮೇಲೆ ತಪ್ಪು ಹೊರಿಸಿ, ಅವನ ಪ್ರಮಾಣಪತ್ರವನ್ನು ಕೆಲವು ಕಾಲ ಅಮಾನತಿನಲ್ಲಿಟ್ಟಿತು. ಪತ್ರಿಕೆಗಳ ನಿಂದೆ ಮಾತ್ರ ಜನರ ನೆನಪಿನಲ್ಲಿ ಹೆಚ್ಚು ಕಾಲ ಉಳಿಯಿತೆಂದು ನಮಗೆ ತೋರುತ್ತದೆ.

ಚಿನ್ನಕ್ಕೆ ವಿಮೆಯಿತ್ತು. ಲಂಡನ್ನಿನ ಲಾಯ್ಡ್ಸ್ ವಿಮೆಗಾರರು ಹಣವನ್ನು ತೆತ್ತರು. ಅದರೊಂದಿಗೆ ಮುಳುಗಿದ ಚಿನ್ನ ಅವರದಾಯಿತು. ಆದರೆ ಅದು ಇರುವುದೆಲ್ಲಿ? ನೋಡಲು ಸರಳವಾದ ಪ್ರಶ್ನೆ. ಉತ್ತರ ಸಿಕ್ಕಲು ಎಂಟು ವರ್ಷ ಹಿಡಿಯಿತು.

ಈಜಿಪ್ಟಿನ ನಿಸ್ತಂತು ಕರೆಯನ್ನು ಫ್ರೆಂಚ್ ದಂಡೆಯ ಉಶಾಂತ್ ಮತ್ತು ಪ್ವಾಂತ್ ದ್ಯು ರಾಜ್ ಕೇಂದ್ರಗಳು ಕೇಳಿ, ಅದು ಬಂದ ದಿಕ್ಕನ್ನು ಗುರುತಿಸಿಕೊಂಡಿದ್ದುವು. ತಂತಿಯ ಚೌಕಟ್ಟೊಂದನ್ನು ತಿರುಗಿಸುತ್ತ ಹೋದರೆ, ಅದರ ಮುಖ ಕರೆಯ ಕಡೆಗೆ ತಿರುಗಿದಾಗ ಶಬ್ದ ಅಡಗುತ್ತದೆ, ಅಂಚು ತಿರುಗಿದಾಗ ಹೆಚ್ಚುತ್ತದೆ. ಇದರಿಂದ ದಿಕ್ಕು ತಿಳಿಯುತ್ತದೆ. ಎರಡು ಕೇಂದ್ರಗಳಿಂದ ಎರಡು ಗೆರೆ ಎಳೆದರೆ ಅವು ಕೂಡುವ ಬಿಂದುವೇ ಹಡಗಿನ ನೆಲೆ. ಕಾಗದದ ಮೇಲೆ ಇಷ್ಟೇ. ಆದರೆ ಒಂದು ಡಿಗ್ರಿಯ ತಪ್ಪಾದರೂ 30 ಮೈಲಿ ದೂರದಲ್ಲಿ ಅದು ಅರ್ಧ ಮೈಲಿಯಾಗುತ್ತದೆ. ಈಜಿಪ್ಟಿನ ಅಧಿಕಾರಿಗಳು ಹೇಳಿದ ನೆಲೆ ಒಂದು, ಸೇನಿನವರು ಹೇಳಿದ್ದು ಇನ್ನೊಂದು, ನಿಸ್ತಂತುವಿನ ಗೆರೆಗಳು ತೋರಿದ್ದು ಮತ್ತೊಂದು. ಹೀಗೆ ಬಿಂದುವೆಂಬುದು ಹಲವು ಚದರ ಮೈಲಿಗಳ ಬಯಲಾಯಿತು. ಸ್ಯಾಂಡ್‌ಬರ್ಗ್ ಎಂಬ ಎಂಜಿನಿಯರನೂ ಸ್ವಿನ್‌ಬರ್ನ್ ಎಂಬವನೂ 1923ರಲ್ಲಿ ಲಾಯ್ಡ್ಸಿನವರೊಡನೆ ಕರಾರು ಮಾಡಿಕೊಂಡು, ಒಂದಾದ ಮೇಲೊಂದರಂತೆ ಬೇರೆ ಬೇರೆ ದೇಶದ ಕಂಪನಿಗಳಿಂದ ಹುಡುಕಿಸಿದರು. ಏನೂ ಸಿಕ್ಕಲಿಲ್ಲ.

ಸಿಕ್ಕಿದ್ದರೂ ಎತ್ತುವುದು ಹೇಗೆಂಬುದು ಇನ್ನೂ ಕಠಿಣವಾದ ಪ್ರಶ್ನೆ. ಅಲ್ಲಿ ಸಮುದ್ರದ ಆಳ ಸುಮಾರು 400 ಅಡಿ. ಬೀದರಿನಲ್ಲಿ ಮಹಮೂದ್ ಗಾವಾನನ ಮದರಸೆಯ ಮಿನಾರನ್ನು ನೋಡಿದವರು, ಅಂಥ ಮೂರು ಮಿನಾರುಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಆಗುವ ಎತ್ತರವನ್ನು ಕಲ್ಪಿಸಿಕೊಳ್ಳಲಿ. ಬಾವಿಯಲ್ಲಿ ಮುಳುಗು ಹಾಕುವ ಹುಡುಗರಿಗೆ ಹತ್ತು ಅಡಿ ಇಳಿದರೇ ಕಿವಿ ನೋಯುತ್ತದೆ. ಪ್ರತಿ 33 ಅಡಿಗೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ; 400 ಅಡಿಯಲ್ಲಿ 12 ವಾಯುಭಾರ. ಅಂಗೈಯಗಲದ, ಎಂದರೆ 100 ಚದರ ಸೆಂಟಿಮೀಟರಿನ ಜಾಗದ ಮೇಲೆ ಅಲ್ಲಿ 1,200 ಕಿಲೋಗ್ರಾಮಿಗೂ ಹೆಚ್ಚಿನ ಭಾರ!

ಒತ್ತಡವೊಂದೇ ಆಗಿದ್ದರೆ ಮನುಷ್ಯನ ದೇಹ ತಾಳಿಕೊಂಡೀತು. ಏಕೆಂದರೆ ದೇಹದ ಬಹುಭಾಗ ನೀರೇ, ನೀರು ಒತ್ತಿದರೆ ಕುಗ್ಗದು. ತೊಂದರೆ ಇರುವುದು ಉಸಿರಾಡುವ ಗಾಳಿಯಲ್ಲಿ. ರಬ್ಬರಿನ ಅಂಗಿಯ ಮುಳುಗುಗಾರನಿಗೆ ಮೇಲಿನಿಂದ ಕೊಳವೆಯ ಮೂಲಕ ಒದಗಿಸುವ ಗಾಳಿಗೂ ಸುತ್ತಣ ನೀರಿನಷ್ಟೇ ಒತ್ತಡವಿರಬೇಕು. ಅಂಥ ಗಾಳಿಯಲ್ಲಿನ ಸಾರಜನಕವು ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗಿಕೊಳ್ಳುತ್ತದೆ. ಅವನು ಬೇಗನೆ ಮೇಲೆ ಬಂದರೆ, ಬಿರಟೆ ತೆಗೆದ ಸೋಡದ ಸೀಸೆಯಲ್ಲಿ ಗುಳ್ಳೆಗಳೇಳುವಂತೆ, ರಕ್ತದಲ್ಲಿ ಸಾರಜನಕದ ಗುಳ್ಳೆಗಳೆದ್ದು ಕೀಲುಗಳನ್ನು ಹಿಂಡುತ್ತವೆ, ಪ್ರಾಣವನ್ನೂ ತೆಗೆಯುತ್ತವೆ. ಹಂತ ಹಂತವಾಗಿ ಮೇಲೆ ಬರುವ ಕ್ರಮವನ್ನು ಹಾಲ್ಡೇನ್ ಎಂಬ ವಿಜ್ಞಾನಿ 1908ರಲ್ಲಿ ಕೋಷ್ಟಕಗಳ ರೂಪದಲ್ಲಿ ಕೊಟ್ಟಿದ್ದನು. ಆದರೆ 400 ಅಡಿಯಲ್ಲಿ ದಿನವೆಲ್ಲ ಕೆಲಸ ಮಾಡುವುದು ಆ ಕೋಷ್ಟಕಗಳ ಎಲ್ಲೆಯನ್ನು ಮೀರಿದ ಮಾತಾಗಿತ್ತು.

ಈ ಗಂಟನ್ನು ಬಿಡಿಸಿದವರು ಇಟಲಿಯವರು. ಜಿನೋವಾ ನಗರದ ‘ಸೊರಿಮಾ’ ಕಂಪನಿಯ ಒಡೆಯ ಜೊವಾನಿ ಕ್ವಾಲ್ಯ. ಅವನ ಮುಖ್ಯ ಮುಳುಗುಗಾರ ವಿಯರೆಜ್ಜೊ ಊರಿನ ಅಲ್ಬರ್ಟೊ ಜಾನಿ. ಹಡಗಿನ ಹೆಸರು ‘ಆರ್ಟಿಲ್ಯೊ’. ಎತ್ತಿದರೆ ಪಾಲು, ಎತ್ತದಿದ್ದರೆ ಸೊನ್ನೆ, ಇದು ಕರಾರು. ಜಾನಿ ಹೆಚ್ಚು ಓದಿದವನಲ್ಲ. ಆದರೆ ಕೈಯಲ್ಲಿ ವಿದ್ಯೆಯಿತ್ತು. ಮುಳುಗುಗಾರರ ರಕ್ತದಿಂದ ಸಾರಜನಕವನ್ನು ನಿಧಾನವಾಗಿ ಬಿಡಿಸುವ ಉಕ್ಕಿನ ಕೋಣೆಯೊಂದನ್ನು ಅವನು ಹಿಂದೆಯೇ ರಚಿಸಿದ್ದನು. ಈಗ ಅವನ ಯೋಚನೆ ಇನ್ನೂ ಸರಳ: ಮನುಷ್ಯನನ್ನು ಒತ್ತಡಕ್ಕೆ ಒಡ್ಡುವುದೇ ಬೇಡ. ದಪ್ಪ ಉಕ್ಕಿನ, ಮನುಷ್ಯನೊಬ್ಬ ನಿಲ್ಲುವಷ್ಟು ಅಗಲದ ಒಂದು ಕೊಳವೆ. ತಲೆಯ ಮಟ್ಟದಲ್ಲಿ ಸುತ್ತಲೂ ದಪ್ಪ ಗಾಜಿನ ಕಿಟಕಿಗಳು. ಒಳಗೆ ನಮ್ಮ ನಿಮ್ಮ ಮನೆಯಲ್ಲಿರುವಂಥದೇ ಒಂದು ವಾಯುಭಾರದ ಗಾಳಿ. ಸೀಸೆಯಿಂದ ಆಮ್ಲಜನಕ, ಉಸಿರಿನ ಇಂಗಾಲಾಮ್ಲವಾಯುವನ್ನು ಹೀರಲು ಕ್ಷಾರದ ಪುಡಿ. ಮೇಲಕ್ಕೆ ಮಾತಾಡಲು ಟೆಲಿಫೋನು. 20 ಸೆಂಟಿಮೀಟರು ವ್ಯಾಸದ ಕಿಟಕಿಯೊಂದರ ಮೇಲೆ ಆ ಆಳದಲ್ಲಿ ಸುಮಾರು 4 ಟನ್ ಭಾರ ಬೀಳುತ್ತದೆಂದು ಲೆಕ್ಕ ಹಾಕಿದರೆ, ಮೊದಲ ಸಲ ಅದರೊಳಗೆ ನಿಂತು ಇಳಿದವನ ಧೈರ್ಯ ಎಂಥದೆಂದು ತಿಳಿಯುತ್ತದೆ.

ಕೊಳವೆಯೊಳಗಿನವನಿಗೆ ಕಣ್ಣುಂಟು, ಕೈಯಿಲ್ಲ. ಕೈಗೆ ಬದಲು ಹಡಗಿನಿಂದ ಉಕ್ಕಿನ ಹಗ್ಗದಲ್ಲಿ ಇಳಿಬಿಟ್ಟ ಕಬ್ಬಿಣದ ಪಂಜ. ತಳದಲ್ಲಿರುವವನು “ಎರಡು ಅಡಿ ಎಡಕ್ಕೆ, ಇಳಿಸು, ಮುಚ್ಚು” ಎಂಬ ರೀತಿಯಲ್ಲಿ ಟೆಲಿಫೋನಿನಲ್ಲಿ ಹೇಳಬೇಕು. 400 ಅಡಿ ಮೇಲೆ, ಅಲೆಗಳ ಮೇಲೆ ಓಲಾಡುವ ಹಡಗಿನಲ್ಲಿ, ಏನನ್ನೂ ಕಾಣದ ಯಂತ್ರದವನು ಅದರಂತೆ ಮಾಡಬೇಕು. ನಿರ್ಣಾದಂಥ ಊರಿನಲ್ಲಿ ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಎತ್ತಿದವರಿಗೆ ಈ ಕೆಲಸದ ಸೂಕ್ಷ್ಮ ತಿಳಿಯದೆ ಇರದು. ಅಲ್ಲಿ ಬಾವಿಯ ಕಟ್ಟೆಯಾದರೂ ಅಲುಗುವುದಿಲ್ಲ.

1929ರಲ್ಲಿ ಹುಡುಕಾಟ ಆರಂಭವಾಯಿತು. ಎರಡು ಹಡಗುಗಳ ನಡುವೆ ಉದ್ದನೆಯ ಉಕ್ಕಿನ ಹಗ್ಗವನ್ನು ಕಟ್ಟಿ, ಅದು ಸಮುದ್ರದ ತಳದ ಸಮೀಪದಲ್ಲಿ ಸಾಗುವಂತೆ ಎಳೆಯುತ್ತ, ಹೊಲ ಉಳುವಂತೆ ಸಾಲು ಹಿಡಿದು ಆ ಬಯಲನ್ನೆಲ್ಲ ಶೋಧಿಸಿದರು. ಹಗ್ಗ ಸಿಕ್ಕಿಕೊಂಡಲ್ಲೆಲ್ಲ ಕೊಳವೆಯನ್ನು ಇಳಿಸಿ ನೋಡಬೇಕು. ಹಲವು ಸಲ ಬರಿಯ ಬಂಡೆ, ಕೆಲವು ಸಲ ಬೇರೆ ಯಾವುದೋ ಹಡಗಿನ ಶವ. ಇಂದಾದರೆ ಶಬ್ದತರಂಗಗಳನ್ನು ಕಳುಹಿಸಿ ಪ್ರತಿಧ್ವನಿಯಿಂದ ತಳದ ಚಿತ್ರವನ್ನೇ ಬಿಡಿಸಿಕೊಳ್ಳುತ್ತಾರೆ. 1930ರ ಆಗಸ್ಟ್ ಕೊನೆಯಲ್ಲಿ ಹಗ್ಗ ಮತ್ತೊಮ್ಮೆ ತೊಡರಿತು. ಕೊಳವೆಯ ಕಿಟಕಿಯಾಚೆ, ಮಬ್ಬು ಹಸುರು ಬೆಳಕಿನಲ್ಲಿ, ನೆಟ್ಟಗೆ ಕುಳಿತ ದೊಡ್ಡ ನಾವೆ. ಪಂಜದಿಂದ ಕ್ಯಾಪ್ಟನ್ನನ ತಿಜೋರಿಯನ್ನು ಎತ್ತಿ ತಂದರು. ಅನುಮಾನಕ್ಕೆ ಎಡೆ ಉಳಿಯಲಿಲ್ಲ; ಅದು ಈಜಿಪ್ಟೇ.

ಚಳಿಗಾಲದಲ್ಲಿ ಆ ಕಡಲಿನಲ್ಲಿ ಕೆಲಸ ಮಾಡಲಾಗದು. ಆರ್ಟಿಲ್ಯೊ ದಂಡೆಯ ಸಮೀಪಕ್ಕೆ ಬಂದು, ಮದ್ದುಗುಂಡು ತುಂಬಿಕೊಂಡು 1918ರಲ್ಲಿ ಮುಳುಗಿದ್ದ ‘ಫ್ಲಾರೆನ್ಸ್ ಎಚ್’ ಎಂಬ ಅಮೆರಿಕದ ಹಡಗಿನ ಅವಶೇಷಗಳನ್ನು ಒಡೆದು ಹಾಕುವ ಗುತ್ತಿಗೆ ಹಿಡಿಯಿತು. ಹನ್ನೆರಡು ವರ್ಷ ನೀರಿನಲ್ಲಿ ನೆನೆದ ಮದ್ದು ಸತ್ತಿರುತ್ತದೆಂದು ಅವರ ಊಹೆ. ಸಣ್ಣ ಸಣ್ಣ ಸ್ಫೋಟಗಳಿಂದ ಕೆಲಸ ಸಾಗಿತು. ಏನೂ ಆಗದಿದ್ದುದನ್ನು ಕಂಡು ಹಡಗು ದೂರ ಹೋಗಿ ನಿಲ್ಲುವ ಎಚ್ಚರಿಕೆಯೂ ಕಡಿಮೆಯಾಯಿತು. 1930ರ ಡಿಸೆಂಬರ್ 7ರಂದು ಒಂದು ಸಣ್ಣ ಸ್ಫೋಟಕ್ಕೆ ಒಳಗಿನ ಮದ್ದೆಲ್ಲ ಉತ್ತರ ಕೊಟ್ಟಿತು. ಭದ್ರವಾದ ಲೋಹದ ಡಬ್ಬಿಗಳಲ್ಲಿದ್ದ ಮದ್ದು ನೆನೆದಿರಲೇ ಇಲ್ಲ. ನೀರು ಕುಗ್ಗದ ವಸ್ತುವಾದುದರಿಂದ ಹೊಡೆತದ ಅಲೆಯನ್ನು ಗಾಳಿಗಿಂತ ಎಷ್ಟೋ ಪಾಲು ಗಟ್ಟಿಯಾಗಿ ಸಾಗಿಸುತ್ತದೆ. ಆರ್ಟಿಲ್ಯೊ ಚೂರಾಯಿತು. ಜಾನಿಯೂ ಸೇರಿ 12 ಮಂದಿ ಸತ್ತರು. ತಾನು ಕಂಡುಹಿಡಿದ ನಾವೆಯ ಚಿನ್ನವನ್ನು ಅವನು ಕಾಣಲಿಲ್ಲ.

1931ರಲ್ಲಿ ಕ್ವಾಲ್ಯ ಅದೇ ಹೆಸರಿನ ಮತ್ತೊಂದು ಹಡಗನ್ನು ಸಜ್ಜುಗೊಳಿಸಿ ಹೊಸ ಮುಳುಗುಗಾರರೊಡನೆ ಬಂದನು. ಕೊಳವೆಯೂ ಪಂಜವೂ ಅವವೇ. ಸಣ್ಣ ಸಣ್ಣ ಮದ್ದಿನ ಕಟ್ಟುಗಳನ್ನಿಟ್ಟು ಒಂದೊಂದೇ ಡೆಕ್ಕನ್ನು ಕತ್ತರಿಸಿ, ಉಕ್ಕಿನ ತಗಡುಗಳನ್ನು ಕಿತ್ತು ಬದಿಗೆಸೆದು, ಈರುಳ್ಳಿಯ ಪೊರೆ ಸುಲಿದಂತೆ ಕೆಳಗಿಳಿದರು. ಒಂದು ಬೇಸಗೆ ಕಳೆಯಿತು, ಚಿನ್ನ ಸಿಕ್ಕಲಿಲ್ಲ. ಮುಂದಿನ ವರ್ಷ, 1932ರ ಜೂನ್ 22ರಂದು, ಪಂಜ ಸುರಿದ ಕಸದ ನಡುವೆ ಹಳದಿಯ ಹೊಳಪು ಕಂಡಿತು. ಸಮುದ್ರದಲ್ಲಿ ಹತ್ತು ವರ್ಷ ಕಳೆದ ಚಿನ್ನಕ್ಕೆ ಏನೂ ಆಗಿರಲಿಲ್ಲ. ಉಪ್ಪುನೀರು ಚಿನ್ನವನ್ನು ಮುಟ್ಟಲಾರದು. ಮುಂದೆ 1935ರವರೆಗೆ ಕೆಲಸ ನಡೆದು ಬಹುಪಾಲು ನಿಧಿ ಮೇಲೆ ಬಂತು.

ಈ ಹತ್ತು ವರ್ಷಗಳಲ್ಲಿ ಮೇಲಿನ ಪ್ರಪಂಚ ಮಾತ್ರ ಬದಲಾಗಿತ್ತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿದ್ದರಿಂದ ಚಿನ್ನದ ಬೆಲೆ ಏರಿತು. ಮುಳುಗಿದಾಗ ಇದ್ದುದಕ್ಕಿಂತ ಎದ್ದಾಗ ಅದು ಹೆಚ್ಚು ಪೌಂಡು ತಂದಿತು. ಇನ್ನೊಂದು ವಿಚಿತ್ರವುಂಟು. 1922ರಲ್ಲಿ ಚಿನ್ನ ಲಂಡನ್ನಿನಿಂದ ಮುಂಬಯಿಗೆ ಹರಿಯುತ್ತಿತ್ತು. 1932ರಲ್ಲಿ ಅದು ಮುಂಬಯಿಯಿಂದ ಲಂಡನ್ನಿಗೆ ಹರಿಯುತ್ತಿತ್ತು. ಬೆಳೆಗಳ ಬೆಲೆ ಕುಸಿದು, ಕಂದಾಯ ಮತ್ತು ಸಾಲ ತೀರಿಸಲು ರೈತರು ಹೆಂಗಸರ ಕೊರಳಿನ, ಕಿವಿಯ ಒಡವೆಗಳನ್ನು ಮಾರುತ್ತಿದ್ದ ಕಾಲವದು. ಆ ಒಡವೆಗಳು ಕರಗಿ ಗಟ್ಟಿಗಳಾಗಿ ಹಡಗು ಹತ್ತುತ್ತಿದ್ದುವು.

ಚಿನ್ನದೊಡನೆ ಪಂಜದಲ್ಲಿ ಮತ್ತೊಂದು ವಸ್ತುವೂ ಬಂತು: ಹಾಲಿ ನೋಟುಗಳ ಕಟ್ಟುಗಳು. ಕಾಗದವು ಹತ್ತು ವರ್ಷ ಸಮುದ್ರದಲ್ಲಿ ಹೇಗೆ ಉಳಿದೀತೆಂದು ನಮ್ಮ ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ನೆನೆದ ವರ್ತಮಾನಪತ್ರಿಕೆ ಒಂದೇ ದಿನಕ್ಕೆ ಹಿಟ್ಟಾಗುತ್ತದೆ. ಆದರೆ ನೋಟಿನ ಕಾಗದ ಮರದ ತಿರುಳಿನದಲ್ಲ. ಹತ್ತಿ ಮತ್ತು ನಾರಗಸೆಯ ಚಿಂದಿಯದು. ಅದರ ಎಳೆಗಳು ಉದ್ದವಾಗಿ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ನಮ್ಮ ಧೋತರವನ್ನು ಸಾವಿರ ಸಲ ಒಗೆದರೂ ಕರಗುವುದಿಲ್ಲವಷ್ಟೆ? ಅದೇ ಹತ್ತಿ. ಮಸಿ ಎಣ್ಣೆಯಲ್ಲಿ ಅರೆದದ್ದು. ಎಣ್ಣೆಯೂ ನೀರೂ ಬೆರೆಯವು. ಬಿಗಿಯಾಗಿ ಕಟ್ಟಿದ ಕಟ್ಟಿನೊಳಗೆ ನೀರು ಸೇರಿದರೂ ಅಲುಗಾಡದು. ತಳದಲ್ಲಿ ಬಿಸಿಲಿಲ್ಲ, ಸೆಕೆಯಿಲ್ಲ, ಅಲೆಯ ಉಜ್ಜಾಟವಿಲ್ಲ. ಹೀಗೆ ಅಂಚುಗಳು ಸವೆದು, ಬಣ್ಣ ಮಾಸಿ, ಆದರೂ ಓದಲು ಬರುವಂತೆ ನೋಟುಗಳು ಮೇಲೆದ್ದುವು. ಉರ್ದುವಿನ ಬಳಿ ಕನ್ನಡ ಅಕ್ಷರಗಳೂ ಇದ್ದುವು. ಅಟ್ಲಾಂಟಿಕ್ ಸಾಗರದ ತಳದಲ್ಲಿ ಇದಕ್ಕೆ ಮೊದಲು ಕನ್ನಡ ಬರಹ ಇಷ್ಟು ಕಾಲ ಇದ್ದುದು ಬೇರೆ ಇರಲಾರದು.

ಆದರೆ ಅವು ಹಣವಾಗಿರಲಿಲ್ಲ. ನೋಟುಗಳು ಲಂಡನ್ನಿನಿಂದ ಹೊರಡುವಾಗ ಅವುಗಳ ಮೇಲೆ ಅಧಿಕಾರಿಯ ಸಹಿ ಇರಲಿಲ್ಲ. ಸಹಿಯಿಲ್ಲದ ನೋಟು ಚಿತ್ರವಿರುವ ಕಾಗದ ಮಾತ್ರ. ಎತ್ತಿದವರು ಅವುಗಳನ್ನು ಸ್ಮರಣಿಕೆಗಳಾಗಿ ಹಂಚಿದರು, ಮಾರಿದರು. ಈಜಿಪ್ಟ್ ನಾವೆಯಿಂದ ಎತ್ತಿದುದೆಂಬ ಬರಹವನ್ನು ಇಂಗ್ಲಿಷಿನಲ್ಲಿ ಅವುಗಳ ಮೇಲೆ ಅಚ್ಚು ಹಾಕಿದ್ದೂ ಉಂಟು.

ನಮ್ಮ ಸಂದೂಕದ ನೋಟಿಗೆ ಸಹಿ ಇದೆ. ಅದು ಬೇರೆ ಹಡಗಿನಲ್ಲಿ ಕ್ಷೇಮವಾಗಿ ಬಂದು, ಹುಮನಾಬಾದಿನ ಪೇಟೆಯಲ್ಲಿ ಕೈಯಿಂದ ಕೈಗೆ ನಡೆದು, ಹೇಗೋ ನಮ್ಮ ಮನೆ ಸೇರಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು; 1956ರಲ್ಲಿ ಬೀದರ ಜಿಲ್ಲೆ ಕನ್ನಡ ನಾಡಿನೊಡನೆ ಕೂಡಿತು; 1959ರಲ್ಲಿ ಹಾಲಿ ಹಣದ ಚಲಾವಣೆ ಮುಗಿಯಿತು. ಬದಲಾಯಿಸಿಕೊಳ್ಳಲು ನಮ್ಮ ಹಿರಿಯರು ಮರೆತರೋ, ಮನಸ್ಸು ಬರಲಿಲ್ಲವೋ. ನಾಣ್ಯಸಂಗ್ರಾಹಕರ ಹರಾಜುಗಳಲ್ಲಿ ಈಜಿಪ್ಟಿನ ಸಹಿಯಿಲ್ಲದ ನೋಟುಗಳು ಈಗಲೂ ಆಗೊಮ್ಮೆ ಈಗೊಮ್ಮೆ ಮಾರಾಟಕ್ಕೆ ಬರುತ್ತವೆ. ಕೊಳ್ಳುವವರು ಅವಕ್ಕೆ ಒಳ್ಳೆಯ ಬೆಲೆ ಕೊಡುತ್ತಾರೆ.